ಸ್ಮೃತಿಭ್ರಂಶವೂ ದೋಷವಿಚಾರವೂ

ವೃದ್ಧೆಯಾದ ತಾಯಿಯೊಬ್ಬಳು ತನ್ನ ಬಳೆಗಳನ್ನು ತಾನೇ ಎಲ್ಲಿಯೋ ಇರಿಸಿ ಮರೆತು, ಹತ್ತಾರು ವರ್ಷ ತನ್ನ ಸೇವೆ ಮಾಡಿದ ಸೊಸೆಯೇ ಅವನ್ನು ಕದ್ದಳೆಂದು ನಾಲ್ಕು ಜನರ ಮುಂದೆ ದೂರುವಳು. ಹೆತ್ತ ಮಗನನ್ನು ಕಂಡು ‘ನೀನು ಯಾರಪ್ಪ?’ ಎನ್ನುವಳು. ಇಂತಹ ಮನೆಗಳು ಇಂದು ವಿರಳವಲ್ಲ. ಆಗ ಮನೆಯವರಲ್ಲಿ ಏಳುವ ಪ್ರಶ್ನೆಯು ವೈದ್ಯಶಾಸ್ತ್ರಕ್ಕೆ ಸೇರಿದ್ದಷ್ಟೇ ಅಲ್ಲ, ಧರ್ಮವಿಚಾರಕ್ಕೂ ಸೇರಿದುದು. ಆ ಕಟುನುಡಿಯ ದೋಷವು ಯಾರದು? ನೆನಪೆಲ್ಲ ಅಳಿದ ಮೇಲೆ ಉಳಿದವಳು ಆ ತಾಯಿಯೇ ಹೌದೋ, ಅಲ್ಲವೋ?

ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಚಿಕಿತ್ಸಾಲಯಕ್ಕೆ 1901ರಲ್ಲಿ ಆಗುಸ್ಟೆ ಡೇಟರ್ ಎಂಬ 51 ವರ್ಷದ ಗೃಹಿಣಿಯನ್ನು ಸೇರಿಸಿದರು. ಆಕೆಯಲ್ಲಿ ಮೊದಲು ತೋರಿದುದು ಮರೆವಲ್ಲ. ಪತಿಯ ಮೇಲಣ ಅಸೂಯೆ. ಬರಬರುತ್ತಾ ತನ್ನ ಹೆಸರನ್ನು ಬರೆಯಲಾರದೆ, ತನ್ನನ್ನು ತಾನೇ ಕಳೆದುಕೊಂಡೆನೆಂದು ಆಕೆ ಹಲುಬಿದಳು. 1906ರಲ್ಲಿ ಆಕೆ ತೀರಿಕೊಂಡ ಬಳಿಕ ವೈದ್ಯನಾದ ಆಲೋಯ್ಸ್ ಆಲ್ಜೈಮರನು ಆ ಮಿದುಳನ್ನು ಪರೀಕ್ಷಿಸಿ, ಅದರಲ್ಲಿ ವಿಚಿತ್ರವಾದ ಸಂಚಯಗಳನ್ನೂ ನರಕೋಶಗಳೊಳಗೆ ಸಿಕ್ಕುಗಟ್ಟಿದ ಎಳೆಗಳನ್ನೂ ಕಂಡನು. ಲೋಕವು ದುಸ್ಸ್ವಭಾವವೆಂದು ಬಗೆಯಬಹುದಾಗಿದ್ದುದು ರೋಗದ ಲಕ್ಷಣವೆಂದು ಹೀಗೆ ಸ್ಪಷ್ಟವಾಯಿತು.

ಆ ಸಂಚಯದ ದ್ರವ್ಯಕ್ಕೆ ಅಮೈಲಾಯ್ಡ್ ಬೀಟಾ ಎಂದು ಹೆಸರು. 1984ರಲ್ಲಿ ಅಮೆರಿಕದ ಗ್ಲೆನರ್ ಮತ್ತು ವಾಂಗ್ ಎಂಬ ವಿದ್ವಾಂಸರು ಇದನ್ನು ಮೊದಲು ಬೇರ್ಪಡಿಸಿದುದು ರೋಗಿಗಳ ಮಿದುಳಿನ ರಕ್ತನಾಳಗಳಿಂದ. ವ್ಯಾಧಿಯು ನರಕೋಶಗಳ ನಡುವೆ ಮಾತ್ರವಲ್ಲದೆ ನಾಳಗಳ ಗೋಡೆಯಲ್ಲಿಯೂ ಮನೆ ಮಾಡುವುದೆಂಬುದು ಗಮನಾರ್ಹ. ಶರೀರದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟಿರುವ ಮಿದುಳು, ಶರೀರವು ಬಳಸುವ ಪ್ರಾಣವಾಯುವಿನಲ್ಲಿ ಸುಮಾರು ಐದನೆಯ ಒಂದು ಪಾಲನ್ನು ತಾನೇ ವ್ಯಯಿಸುವುದು. ಅಂತಹ ಅಂಗಕ್ಕೆ ಕಾಲುವೆಗಳು ಕೆಟ್ಟರೆ ಬೆಳೆ ಒಣಗದೆ ಇದ್ದೀತೆ?

ಇಲ್ಲಿಯೇ ರಕ್ತದ ಕಿರುಬಿಲ್ಲೆಗಳ ಪ್ರಸಂಗ ಬರುವುದು. ವೈದ್ಯರು ಪ್ಲೇಟ್‌ಲೆಟ್ ಎಂದು ಕರೆಯುವ ಇವುಗಳ ಕೆಲಸವನ್ನು ಇಟಲಿಯ ಬಿಜ್ಜೊಜೆರೋ ಎಂಬವನು 1882ರಲ್ಲಿ ವಿವರಿಸಿದನು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಒಂದೂವರೆಯಿಂದ ನಾಲ್ಕೂವರೆ ಲಕ್ಷದವರೆಗೆ ಇರುವುವು. ಆಯುಸ್ಸು 7ರಿಂದ 10 ದಿನ. ನಾಳಕ್ಕೆ ಗಾಯವಾದೊಡನೆ ಧಾವಿಸಿ, ಒಂದಕ್ಕೊಂದು ಅಂಟಿಕೊಂಡು, ಸೋರುವ ರಕ್ತವನ್ನು ತಡೆಯುವುದೇ ಇವುಗಳ ಧರ್ಮ. ಆದರೆ ಅಮೈಲಾಯ್ಡಿನ ಮೂಲದ್ರವ್ಯವನ್ನು ಹೊತ್ತಿರುವವೂ ಇವೇ. ರಕ್ತದಲ್ಲಿ ಸಂಚರಿಸುವ ಅಮೈಲಾಯ್ಡಿನ ಬಹುಭಾಗವು ಇವುಗಳಿಂದಲೇ ಬರುವುದು. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ನಾಳದ ಗೋಡೆಯ ಸಂಚಯವನ್ನು ಗಾಯವೆಂದೇ ಬಗೆದಂತೆ ಬಿಲ್ಲೆಗಳು ಅಲ್ಲಿ ಅಂಟಿಕೊಳ್ಳುವುದು ಕಂಡುಬಂದಿದೆ. ಅಮೈಲಾಯ್ಡು ಬಿಲ್ಲೆಗಳನ್ನು ಕೆರಳಿಸುವುದು. ಕೆರಳಿದ ಬಿಲ್ಲೆಗಳು ಮತ್ತಷ್ಟು ಅಮೈಲಾಯ್ಡನ್ನು ಬಿಡುವುವು. ಬೀಜಾಂಕುರನ್ಯಾಯದಂತೆ ಯಾವುದು ಮೊದಲು, ಯಾವುದು ಅನಂತರವೆಂದು ಹೇಳುವುದು ಸುಲಭವಲ್ಲ.

ಹಾಗಾದರೆ ಬಿಲ್ಲೆಗಳೇ ಅಪರಾಧಿಗಳೆನ್ನೋಣವೆ? ಕಾವಲುಗಾರನು ತಪ್ಪಿದನೆಂದು ಕಾವಲನ್ನೇ ತೆಗೆದುಹಾಕಿದರೆ ಮನೆಯು ಸುರಕ್ಷಿತವಾಗದು. ಬಿಲ್ಲೆಗಳ ಅಂಟುಗುಣವನ್ನು ಕುಗ್ಗಿಸುವ ಆಸ್ಪಿರಿನ್ ಔಷಧವನ್ನು ಬ್ರಿಟನ್ನಿನಲ್ಲಿ 310 ಮಂದಿ ರೋಗಿಗಳನ್ನು ಸೇರಿಸಿಕೊಂಡು ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ರೋಗವು ಹಿಂದೆಗೆಯಲಿಲ್ಲ. ಅಪಾಯಕರವಾದ ರಕ್ತಸ್ರಾವ ಮಾತ್ರ ಹೆಚ್ಚಿತು. ಅಮೈಲಾಯ್ಡು ತುಂಬಿದ ನಾಳಗಳು ಮೊದಲೇ ದುರ್ಬಲವಷ್ಟೆ. ದಂಡಿಸಲು ಒಬ್ಬ ಅಪರಾಧಿಯನ್ನು ಹುಡುಕುವ ಬುದ್ಧಿಯು ಇಲ್ಲಿ ಸೋಲುವುದು. ದೋಷವೆಂಬ ಶಬ್ದಕ್ಕೆ ಎರಡರ್ಥವುಂಟು: ಆಯುರ್ವೇದದಲ್ಲಿ ಅದು ವಿಷಮವಾದಾಗ ಶರೀರವನ್ನು ಕೆಡಿಸುವ ತತ್ತ್ವ, ಧರ್ಮದಲ್ಲಿ ಸಂಕಲ್ಪಪೂರ್ವಕವಾದ ಅಪರಾಧ. ಮೊದಲನೆಯದನ್ನು ಎರಡನೆಯದೆಂದು ಭ್ರಮಿಸುವುದೇ ಅನೇಕ ಮನೆಗಳ ದುಃಖಕ್ಕೆ ಮೂಲ.

ಇಲ್ಲಿ ಒಂದು ಆಕ್ಷೇಪವುಂಟು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಕ್ರೋಧದಿಂದ ಸಮ್ಮೋಹವೂ, ಸಮ್ಮೋಹದಿಂದ ಸ್ಮೃತಿವಿಭ್ರಮವೂ ಆಗುವುದೆಂದು ಹೇಳಿದೆ. ಆದುದರಿಂದ ಮರೆವು ಪೂರ್ವದ ಕಾಮಕ್ರೋಧಗಳ ಫಲವೇ ಆಗಿರಬೇಕೆಂದು ಕೆಲವರು ವಾದಿಸಬಹುದು. ಆದರೆ ಅಲ್ಲಿ ಹೇಳಿದ ಸ್ಮೃತಿಯು ಶಾಸ್ತ್ರಾಚಾರ್ಯರ ಉಪದೇಶದಿಂದ ಬಂದ ವಿವೇಕದ ನೆನಪು. ಬಳೆ ಇಟ್ಟ ಸ್ಥಳದ ನೆನಪಲ್ಲ, ಮಗನ ಮುಖದ ನೆನಪೂ ಅಲ್ಲ. ಶಾಂತಸ್ವಭಾವದವರಿಗೂ, ಜಿತೇಂದ್ರಿಯರಿಗೂ ಈ ರೋಗ ಬರುವುದು. ರೋಗಿಯ ತಲೆಯ ಮೇಲೆ ಪಾಪದ ಹೊರೆಯನ್ನೂ ಹೊರಿಸುವುದು ಶಾಸ್ತ್ರಾರ್ಥವೂ ಅಲ್ಲ, ದಯೆಯೂ ಅಲ್ಲ.

ಇನ್ನು ಎರಡನೆಯ ಪ್ರಶ್ನೆ. ನೆನಪೇ ವ್ಯಕ್ತಿಯೆಂದರೆ, ನೆನಪು ಅಳಿದಾಗ ವ್ಯಕ್ತಿಯೂ ಅಳಿದಂತೆಯೇ ಸರಿ. ನೈಯಾಯಿಕರು ಹಾಗೆ ಹೇಳುವುದಿಲ್ಲ. ಸ್ಮರಣೆಯು ಆತ್ಮನ ಗುಣವೇ ಹೊರತು ಆತ್ಮನಲ್ಲ. ಸಂಸ್ಕಾರವಿದ್ದರೂ ಅದನ್ನು ಎಚ್ಚರಿಸುವ ಕಾರಣವಿಲ್ಲದಿದ್ದರೆ ಸ್ಮರಣೆ ಹುಟ್ಟದೆಂದು ಅವರ ಮತ. ಇದನ್ನು ಒಪ್ಪದವರಿಗೂ ನಿತ್ಯದ ಅನುಭವವೊಂದುಂಟು. ಗಾಢನಿದ್ರೆಯಲ್ಲಿರುವ ತಂದೆಯು ಯಾರನ್ನೂ ಅರಿಯನು. ಆದರೂ ‘ಇವನು ಈಗ ನನ್ನ ತಂದೆಯಲ್ಲ’ ಎಂದು ಯಾವ ಮಗನೂ ಹೇಳಲಾರನು. ಈ ರೋಗದ ನಿದ್ರೆಗೆ ಎಚ್ಚರವಿಲ್ಲವೆಂಬುದು ನಿಜ. ಆದರೆ ಋಣವು ಎಚ್ಚರವನ್ನು ನಂಬಿ ಹುಟ್ಟಿದುದಲ್ಲ. ಶಿಶುವು ತಾಯಿಯನ್ನು ಗುರುತಿಸುವುದಕ್ಕೆ ಮುನ್ನವೇ ತಾಯಿಯು ಅದಕ್ಕೆ ಹಾಲೂಡಿದಳಲ್ಲವೆ? ಗುರುತಿಸದವರ ಸೇವೆಯು ಆಗ ಸಹಜವಾಗಿದ್ದರೆ, ಈಗ ಏಕೆ ವಿಪರೀತವಾಗಬೇಕು?

ಆದರೆ ಧರ್ಮವನ್ನು ಹೇಳುವವರು ಒಂದು ಮಾತನ್ನು ಮರೆಯಬಾರದು. ಈ ಸೇವೆಯ ಭಾರವು ಅನೇಕ ಮನೆಗಳಲ್ಲಿ ಒಬ್ಬಳ ಹೆಗಲ ಮೇಲೆಯೇ ಬೀಳುವುದು. ಕಳ್ಳಿಯೆಂಬ ಮಾತನ್ನು ಕೇಳುವವಳೂ ಬಹುಶಃ ಅವಳೇ. ಋಣವು ಮಕ್ಕಳೆಲ್ಲರದಾಗಿರುವಾಗ ಸೊಸೆಯೊಬ್ಬಳನ್ನು ಸಹಿಸಿಕೊಳ್ಳೆಂದು ಉಪದೇಶಿಸಿ ಉಳಿದವರು ಕೈತೊಳೆದುಕೊಂಡರೆ ಅದು ಧರ್ಮವಲ್ಲ, ಧರ್ಮದ ವೇಷ. ರಾತ್ರಿಯ ಕಾವಲನ್ನು ಹಂಚಿಕೊಳ್ಳುವುದು, ಅವಳ ನಿರ್ದೋಷವನ್ನು ನಾಲ್ಕು ಜನರ ಮುಂದೆಯೇ ಹೇಳುವುದು, ಇವೇ ಅಲ್ಲಿ ನಿಜವಾದ ಮಾತೃಸೇವೆ.

ಗಾಯವಿಲ್ಲದೆಡೆಯಲ್ಲಿ ಗಾಯವನ್ನು ಕಂಡು ಮುತ್ತುವ ಕಿರುಬಿಲ್ಲೆಗಳಿಗೆ ವಿವೇಕವಿಲ್ಲ, ಅವು ಕ್ಷಮಾರ್ಹ. ರೋಗಿಯ ಮಾತಿನಲ್ಲಿ ಅಪರಾಧವನ್ನು ಕಂಡು ಕೆರಳುವ ಮನುಷ್ಯನಿಗಾದರೋ ವಿವೇಕವುಂಟು. ಅದನ್ನು ಬಳಸುವ ಹೊಣೆಯು ನೆನಪು ಉಳಿದವರದು.