ನಾಲ್ಕು ದಿನದ ಆಳು

ಊರಿನಲ್ಲಿ ಎರಡು ಮೂರು ಹಸು ಕಟ್ಟಿಕೊಂಡಿರುವ ನಮ್ಮ ಬಂಧುಗಳು ಮದುವೆಗೆಂದು ಮುಂಬಯಿಗೆ ಬರಬೇಕಾದರೆ, ರೈಲಿನ ಟಿಕೇಟಿಗಿಂತ ಮೊದಲು ಹಾಲು ಕರೆಯುವ ಆಳನ್ನು ಗೊತ್ತುಮಾಡಬೇಕು. ನಮ್ಮಂಥ ಸರಕಾರಿ ನೌಕರರಿಗೆ ಸಿ.ಎಲ್. ಉಂಟು, ಹಸುವಿಗೆ ಭಾನುವಾರವೂ ಇಲ್ಲ. ಹೊತ್ತಿಗೆ ಸರಿಯಾಗಿ ಕರೆಯದಿದ್ದರೆ ಕೆಚ್ಚಲು ಬಿಗಿದು ನೋಯುತ್ತದೆ, ಬಾವು ಬರುವುದೂ ಉಂಟು.

ಈ ಆಳಿಗೆ ಕೂಲಿ ಕೊಡುವುದು ಯಾತಕ್ಕೆ? ಹಾಲಿಗೆ ಎನ್ನುವವರು ಲೀಟರಿನ ಲೆಕ್ಕ ಹಿಡಿಯುತ್ತಾರೆ. ನನಗಿದು ಒಪ್ಪಿಗೆಯಿಲ್ಲ. ಕೆಚ್ಚಲನ್ನು ತೊಳೆದು ನೀವಿದಾಗ ಪಿಟ್ಯೂಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಹಾಲು ಇಳಿಯುತ್ತದೆ. ಹೊಸಬನನ್ನು ಕಂಡು ಬೆದರಿದ ಹಸುವಿನಲ್ಲಿ ಅಡ್ರಿನಲಿನ್ ಇದನ್ನು ತಡೆಯುತ್ತದೆ. ಮೊದಲ ದಿನ ತಂಬಿಗೆ ತುಂಬದಿದ್ದರೆ ಆಳೇನು ಮಾಡಿಯಾನು? ಲೀಟರಿಗೆ ಇಷ್ಟೆಂದು ಗೊತ್ತುಮಾಡಿದರೆ ಅವನ ಕೈ ಸೂಜಿಮದ್ದಿನ ಕಡೆಗೆ ಹೋದೀತು. ಹಾಲು ಹೆಚ್ಚಿಸಲು ಹಸುವಿಗೆ ಹಾನಿಕರವಾದ ಮದ್ದು ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 12ನೆಯ ಕಲಮಿನಂತೆ ಅಪರಾಧ. ಅದಕ್ಕೆ ಒಪ್ಪಿಗೆ ಕೊಟ್ಟ ಯಜಮಾನನಿಗೂ ಶಿಕ್ಷೆಯುಂಟು. ಆದರೆ ಬರಿಯ ಆಸೆ ಹುಟ್ಟಿಸಿ ರೈಲು ಹತ್ತಿದವನನ್ನು ಯಾವ ಕಲಮು ಹಿಡಿದೀತು?

ಕೂಲಿ ದಿನದ ಲೆಕ್ಕದಲ್ಲಿರಬೇಕು, ಮೊದಲೇ ಆಡಿರಬೇಕು. ಯಾವ ಹಸು ಒದೆಯುತ್ತದೆ, ಯಾವುದಕ್ಕೆ ಕರು ಬಿಡಬೇಕು ಎಂಬುದನ್ನೂ ಹೇಳಬೇಕು. ಒದೆಯುವ ಗುಣವನ್ನು ಮುಚ್ಚಿಟ್ಟು ಆಳನ್ನು ಕೂರಿಸುವುದು, ಮುಲಾಜಿಲ್ಲದೆ ಹೇಳುತ್ತೇನೆ, ಮೋಸ.

ಹಿಂತಿರುಗಿದ ಮೇಲೆ ಡೈರಿಯ ಚೀಟಿಯಲ್ಲಿ ಕಡಿಮೆಯಾದದ್ದನ್ನು ಅವನ ಕೂಲಿಯಿಂದ ಮುರಿದುಕೊಳ್ಳುವವರಿದ್ದಾರೆ. ಹಸು ಹಿಡಿದಿಟ್ಟ ಆ ಹಾಲನ್ನು ಮದುವೆಯ ಪ್ರಯಾಣದ ಖರ್ಚಿಗೇ ಬರೆದುಕೊಳ್ಳತಕ್ಕದ್ದು.