ರಸಿಕನ ಪಥ್ಯ

ತೂಕ ಇಳಿಸಬೇಕೆಂದು ಹೊರಟವರು ಮೊಟ್ಟಮೊದಲು ಕೈಬಿಡುವುದು ಸಿಹಿಯನ್ನು. ಇದು ಎಷ್ಟು ರೂಢಿಯಾಗಿದೆಯೆಂದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಕೇಳಿ ನೋಡೋಣ ಎಂದು ಇಲ್ಲಿ ಇಬ್ಬರನ್ನು ಎದುರುಬದುರು ಕೂರಿಸಿದ್ದೇನೆ. ಒಬ್ಬರು ವ್ರತಿ: ಬಿಡುವುದಾದರೆ ಪೂರ್ತಿ ಬಿಡಬೇಕು ಎನ್ನುವವರು. ಇನ್ನೊಬ್ಬರು ರಸಿಕ: ತಿನ್ನುವುದನ್ನು ಸರಿಯಾಗಿ ಕಲಿತವರಿಗೆ ಬಿಡುವುದು ಸುಲಭ ಎನ್ನುವವರು. ನನ್ನ ಒಲವು ರಸಿಕನ ಕಡೆಗಿದೆ. ಆದರೆ ವ್ರತಿಯ ಪ್ರಶ್ನೆಗಳು ಗಟ್ಟಿಯಾಗಿವೆ, ಅವನ್ನು ಮೆತ್ತಗೆ ಮಾಡಲು ಹೋಗಿಲ್ಲ.

ವ್ರತಿ: ಲೆಕ್ಕದಿಂದಲೇ ಶುರು ಮಾಡೋಣ. ಮೈಸೂರು ಪಾಕಿಗೆ ವಾಡಿಕೆಯ ಅಳತೆ ಒಂದು ಬಟ್ಟಲು ಕಡಲೆಹಿಟ್ಟಿಗೆ ಎರಡು ಬಟ್ಟಲು ಸಕ್ಕರೆ, ಎರಡು ಬಟ್ಟಲು ತುಪ್ಪ. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ, ಒಂದು ಗ್ರಾಂ ತುಪ್ಪಕ್ಕೆ 9. ಹೀಗಾಗಿ 40 ಗ್ರಾಂ ತೂಗುವ ಒಂದು ತುಂಡು 200 ಕ್ಯಾಲೊರಿಗೆ ಕಡಿಮೆ ಬರುವುದಿಲ್ಲ. ನಾಲ್ಕು ತುತ್ತಿನಲ್ಲಿ ಮುಗಿಯುವ ಅದನ್ನು ಕರಗಿಸಲು 70 ಕೆಜಿ ತೂಕದವರು ಮುಕ್ಕಾಲು ಗಂಟೆ ಬಿರುಸಾಗಿ ನಡೆಯಬೇಕು. ನಮ್ಮ ದೇಶದ ಸ್ಥಿತಿಯನ್ನೂ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ, ವಯಸ್ಕರಲ್ಲಿ ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜು. ಇಂಥ ಹೊತ್ತಿನಲ್ಲಿ ಸಿಹಿಯ ಸವಿಯ ಬಗ್ಗೆ ಮಾತಾಡುವುದೇ ಹೊಣೆಗೇಡಿತನ ಅನ್ನಿಸುತ್ತದೆ. ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಹೇಳಿದ ಶ್ರೇಯಸ್ಸು, ಪ್ರೇಯಸ್ಸುಗಳ ಭೇದವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ನಾಲಿಗೆಗೆ ಹಿತವಾದದ್ದು ಒಂದು, ದೇಹಕ್ಕೆ ಹಿತವಾದದ್ದು ಇನ್ನೊಂದು. ಎರಡನ್ನೂ ಒಟ್ಟಿಗೆ ಹಿಡಿಯಲು ಹೋದವನು ಎರಡನ್ನೂ ಕಳೆದುಕೊಳ್ಳುತ್ತಾನೆ.

ರಸಿಕ: ನಿಮ್ಮ ಅಂಕಿಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಅದೇ ಲೆಕ್ಕವನ್ನು ಇನ್ನೊಂದು ಕಡೆಗೂ ತಿರುಗಿಸಿ ನೋಡಿ. ದಿನಕ್ಕೆ ಮೂರು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ 4 ಗ್ರಾಂ: ದಿನಕ್ಕೆ 24 ಗ್ರಾಂ ಆಯಿತು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹಾಕಿಕೊಟ್ಟ ಗೆರೆ 50 ಗ್ರಾಂ. 25 ಗ್ರಾಮಿಗೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದೂ ಅದು ಹೇಳಿತು. ಅಂದರೆ ಆ ಚಿಕ್ಕ ಗೆರೆಯನ್ನು ಬರೀ ಕಾಫಿಯೇ ಹೆಚ್ಚುಕಡಿಮೆ ಮುಟ್ಟಿಬಿಟ್ಟಿತು. ವಾರಕ್ಕೆ ಲೆಕ್ಕ ಹಾಕಿದರೆ 672 ಕ್ಯಾಲೊರಿ, ನಿಮ್ಮ ಮೂರು ತುಂಡು ಮೈಸೂರು ಪಾಕು. ಈ ಮೂರು ತುಂಡನ್ನು ಯಾರೂ ಸವಿದಿಲ್ಲ, ಸವಿದ ನೆನಪೂ ಯಾರಿಗೂ ಇಲ್ಲ. ಪತ್ರಿಕೆ ಓದುತ್ತ, ಫೋನಿನಲ್ಲಿ ಮಾತಾಡುತ್ತ, ಕಚೇರಿಯ ಮೇಜಿನ ಮುಂದೆ ನಿಂತುಕೊಂಡೇ ಅದು ಒಳಗೆ ಹೋಗಿದೆ. ಕಾಫಿಯ ಜೊತೆಗಿನ ಬಿಸ್ಕತ್ತು, ಸಂಜೆಯ ಬೇಕರಿ ಬನ್ನು, ಬಾಟಲಿಯ ತಂಪು ಪಾನೀಯ, ಸಾಸಿನೊಳಗಿನ ಸಕ್ಕರೆ ಇವನ್ನೆಲ್ಲ ನಾನಿನ್ನೂ ಎಣಿಸಿಯೇ ಇಲ್ಲ. ಶ್ರೇಯಸ್ಸು, ಪ್ರೇಯಸ್ಸು ಎಂದಿರಿ. ಗಮನವೇ ಇಲ್ಲದೆ ಕುಡಿದ ಸಕ್ಕರೆ ಇವೆರಡರಲ್ಲಿ ಯಾವುದು? ದೇಹಕ್ಕೆ ಹಿತವಲ್ಲ, ಆದ್ದರಿಂದ ಶ್ರೇಯಸ್ಸಲ್ಲ. ನಾಲಿಗೆಗೂ ತಿಳಿಯಲಿಲ್ಲ, ಆದ್ದರಿಂದ ಪ್ರೇಯಸ್ಸೂ ಅಲ್ಲ. ಅದೇ ಉಪನಿಷತ್ತು ಧೀರನ ಬಗ್ಗೆ ಹೇಳುವುದು ಅವನು ಎರಡನ್ನೂ ಸುತ್ತಿ ನೋಡಿ, ಬೇರ್ಪಡಿಸಿ, ಆಮೇಲೆ ಆರಿಸುತ್ತಾನೆ ಎಂದು. ನಾವು ಮಾಡುತ್ತಿರುವುದು ಇದಕ್ಕೆ ವಿರುದ್ಧ. ನೋಡಿ ಸವಿಯುವ ಒಂದೇ ಒಂದು ಸಿಹಿಯನ್ನು ಬಿಟ್ಟು, ನೋಡದೆ ನುಂಗುವ ಹತ್ತನ್ನು ಉಳಿಸಿಕೊಂಡಿದ್ದೇವೆ.

ವ್ರತಿ: ಒಪ್ಪಿದೆ. ಹಾಗಾದರೆ ಎರಡನ್ನೂ ಬಿಡೋಣ. ಕಾಫಿಯ ಸಕ್ಕರೆಯೂ ಬೇಡ, ಮೈಸೂರು ಪಾಕೂ ಬೇಡ. ಕಾಫಿಯಲ್ಲಿ ತಪ್ಪು ಸಿಕ್ಕಿತು ಎಂದ ಮಾತ್ರಕ್ಕೆ ಮಿಠಾಯಿ ನಿರ್ದೋಷಿಯಾಗುವುದಿಲ್ಲವಲ್ಲ.

ರಸಿಕ: ಬಿಡಬಲ್ಲವರು ಬಿಡಲಿ. ಆದರೆ ಪೂರ್ತಿ ಬಿಡುತ್ತೇನೆಂಬ ನಿಯಮ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದಕ್ಕೆ ಒಂದು ಹಳೆಯ ಪ್ರಯೋಗವಿದೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿನಿಯರನ್ನು ರುಚಿ ಪರೀಕ್ಷೆ ಎಂದು ಹೇಳಿ ಕರೆಸಿದರು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿದರು, ಕೆಲವರಿಗೆ ಏನೂ ಕೊಡಲಿಲ್ಲ. ಆಮೇಲೆ ಎಲ್ಲರ ಮುಂದೆ ಬಗೆಬಗೆಯ ಐಸ್‌ಕ್ರೀಂ ಇಟ್ಟು, ಎಷ್ಟು ಬೇಕಾದರೂ ತಿಂದು ರುಚಿ ಹೇಳಿ ಎಂದರು. ಊಟದ ಮೇಲೆ ಯಾವ ನಿರ್ಬಂಧವನ್ನೂ ಹಾಕಿಕೊಳ್ಳದವರು ಮಿಲ್ಕ್‌ಶೇಕ್ ಕುಡಿದಿದ್ದರೆ ಐಸ್‌ಕ್ರೀಂ ಕಡಿಮೆ ತಿಂದರು, ಹೊಟ್ಟೆ ತುಂಬಿತ್ತು. ಸದಾ ಪಥ್ಯದ ಎಚ್ಚರದಲ್ಲಿದ್ದವರು ತದ್ವಿರುದ್ಧ: ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮನ್ನು ಹೆಚ್ಚೇ ತಿಂದರು. ವ್ರತ ಹೇಗೂ ಮುರಿಯಿತು, ಇವತ್ತಿನ ಮಟ್ಟಿಗೆ ಇನ್ನೇನು ಎಂಬ ಭಾವ ಅದು. ಮರುವರ್ಷ ಜಾನೆಟ್ ಪಾಲಿವಿ ಎಂಬ ಮನಶ್ಶಾಸ್ತ್ರಜ್ಞೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೊದಲು ತಿಂದದ್ದರಲ್ಲಿ ನಿಜಕ್ಕೂ ಎಷ್ಟು ಕ್ಯಾಲೊರಿ ಇತ್ತು ಎಂಬುದು ಮುಖ್ಯವಾಗಲಿಲ್ಲ. ಹೆಚ್ಚಿತ್ತು ಎಂದು ನಂಬಿಸಿದರೆ ಸಾಕು, ಪಥ್ಯದವರ ಕಟ್ಟೆ ಒಡೆಯುತ್ತಿತ್ತು. ಇಲ್ಲಿ ಮುರಿದದ್ದು ಹೊಟ್ಟೆಯ ಮಿತಿಯಲ್ಲ, ಒಂದು ಪ್ರತಿಜ್ಞೆ. ಪ್ರತಿಜ್ಞೆ ಒಂದು ತುತ್ತಿಗೂ ಮುರಿಯುತ್ತದೆ, ಹತ್ತು ತುತ್ತಿಗೂ ಮುರಿಯುತ್ತದೆ. ಹಾಗಾಗಿ ಒಂದು ತುತ್ತು ತಿಂದವನಿಗೆ ಹತ್ತು ತಿನ್ನದಿರಲು ಕಾರಣವೇ ಉಳಿಯುವುದಿಲ್ಲ.

ವ್ರತಿ: ಅರ್ಧ ಗಂಟೆಯ ಪ್ರಯೋಗದಿಂದ ಜೀವನಕ್ರಮವನ್ನು ಅಳೆಯಬಾರದು. ವೈದ್ಯರ ಉಸ್ತುವಾರಿಯಲ್ಲಿ ತಿಂಗಳುಗಟ್ಟಲೆ ಕಟ್ಟುನಿಟ್ಟಾಗಿ ತಿಂದು ತೂಕ ಇಳಿಸಿದವರು ಬೇಕಾದಷ್ಟಿದ್ದಾರೆ, ಅವರೆಲ್ಲರ ಕಟ್ಟೆ ಒಡೆದಿಲ್ಲ. ಅಲ್ಲದೆ ನಿಮ್ಮ ಪಕ್ಷದವರು ಹಿಡಿದು ತೋರಿಸುವ ಪುರಾವೆಗಳು ಬಹಳ ಸಲ ಸಡಿಲವಾಗಿರುತ್ತವೆ. ಬೆಳಗಿನ ತಿಂಡಿಯ ಜೊತೆ ಸಿಹಿ ತಿಂದವರು ಹೆಚ್ಚು ತೂಕ ಇಳಿಸಿದರು ಎಂಬ ಇಸ್ರೇಲಿನ 2012ರ ಅಧ್ಯಯನವನ್ನೇ ತೆಗೆದುಕೊಳ್ಳಿ. ಅವರ ತಿಂಡಿಯೇ ಇನ್ನೊಂದು ಗುಂಪಿನದಕ್ಕಿಂತ ದೊಡ್ಡದಿತ್ತು, ಪ್ರೋಟೀನೂ ಧಾರಾಳವಾಗಿತ್ತು. ಫಲವನ್ನು ಸಿಹಿಯ ಖಾತೆಗೆ ಬರೆಯುವುದು ಹೇಗೆ?

ರಸಿಕ: ಆ ಅಧ್ಯಯನದ ಮೇಲೆ ನಾನೂ ಭಾರ ಹಾಕುವುದಿಲ್ಲ. ಸಿಹಿ ತಿಂದರೆ ತೂಕ ಇಳಿಯುತ್ತದೆ ಎಂಬುದು ನನ್ನ ವಾದವೇ ಅಲ್ಲ. ಕಟ್ಟುನಿಟ್ಟಿನ ಬಗ್ಗೆ ನೀವು ಹೇಳಿದ್ದರಲ್ಲೂ ನಿಜವಿದೆ. ಎಲ್ಲ ನಿಗ್ರಹವೂ ಒಂದೇ ಬಗೆಯದಲ್ಲ. 1991ರಲ್ಲಿ ಜರ್ಮನಿಯ ವೆಸ್ಟೆನ್‌ಹೋಫರ್ ಎಂಬ ಸಂಶೋಧಕರು ಗಡಸು ನಿಗ್ರಹ, ಮೆದು ನಿಗ್ರಹ ಎಂದು ಎರಡಾಗಿ ವಿಂಗಡಿಸಿದರು. ಇದು ತಿನ್ನಬಹುದು, ಇದು ತಿನ್ನಲೇಬಾರದು ಎನ್ನುವುದು ಗಡಸು. ಇವತ್ತು ಹೋಳಿಗೆ ತಿಂದೆ, ರಾತ್ರಿ ಒಂದು ಚಪಾತಿ ಬಿಟ್ಟರಾಯಿತು ಎನ್ನುವುದು ಮೆದು. ಗಡಸು ನಿಗ್ರಹದವರಲ್ಲಿ ಹತೋಟಿ ತಪ್ಪಿ ತಿನ್ನುವುದು ಹೆಚ್ಚು ಕಂಡುಬಂತು, ಮೆದು ನಿಗ್ರಹದವರಲ್ಲಿ ಕಡಿಮೆ. ನಾನು ನಿಗ್ರಹವನ್ನು ಬಿಡಿ ಎನ್ನುತ್ತಿಲ್ಲ, ಅದರ ಜಾತಿ ಬದಲಾಗಲಿ ಎನ್ನುತ್ತಿದ್ದೇನೆ. ಅಪರಾಧಭಾವದ ಮಾತೂ ಇಲ್ಲೇ ಬರುತ್ತದೆ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಚಾಕೊಲೇಟ್ ಕೇಕ್ ಎಂದಾಗ ನಿಮ್ಮ ಮನಸ್ಸಿಗೆ ಬರುವುದು ಸಂಭ್ರಮವೋ ಅಪರಾಧವೋ ಎಂದು ಜನರನ್ನು ಕೇಳಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಪರಾಧ ಎಂದವರಿಗೆ ಚೆನ್ನಾಗಿ ತಿನ್ನಬೇಕೆಂಬ ಸಂಕಲ್ಪವೇನೂ ಹೆಚ್ಚಿರಲಿಲ್ಲ. ತೂಕ ಇಳಿಸಬೇಕೆಂದಿದ್ದವರಲ್ಲಿ ಅವರೇ ಮೂರು ತಿಂಗಳ ಕೊನೆಗೆ ಹಿಂದೆ ಬಿದ್ದಿದ್ದರು.

ವ್ರತಿ: ಕಾರಣ, ಕಾರ್ಯಗಳನ್ನು ತಿರುವಿಹಾಕಿದ್ದೀರಿ. ಮೊದಲೇ ಹತ್ತು ಸಲ ಸೋತವರಿಗೆ ಕೇಕ್ ಎಂದರೆ ಅಪರಾಧಭಾವ ಬರುವುದು ಸಹಜ. ಸೋಲು ಅಪರಾಧಭಾವವನ್ನು ಹುಟ್ಟಿಸಿತೇ ಹೊರತು ಅಪರಾಧಭಾವ ಸೋಲನ್ನಲ್ಲ.

ರಸಿಕ: ಇರಬಹುದು. ಅಪರಾಧಭಾವದಿಂದ ತೂಕ ಏರುತ್ತದೆ ಎಂದು ಈ ಅಧ್ಯಯನ ಸಾಧಿಸುವುದಿಲ್ಲ. ಅಪರಾಧಭಾವ ನಮ್ಮನ್ನು ಕಾಯುತ್ತದೆ ಎಂಬ ನಂಬಿಕೆಗೆ ಮಾತ್ರ ಅದರಲ್ಲಿ ಆಧಾರ ಸಿಗುವುದಿಲ್ಲ. ನನಗೆ ಅಷ್ಟು ಸಾಕು. ಯಾಕೆಂದರೆ ಅಪರಾಧಭಾವದಿಂದ ತಿನ್ನುವವನು ಬೇಗ ಬೇಗ ತಿನ್ನುತ್ತಾನೆ, ಮರೆಯಲ್ಲಿ ನಿಂತು ತಿನ್ನುತ್ತಾನೆ. ಮೈಸೂರು ಪಾಕನ್ನು ಒಮ್ಮೆ ಹತ್ತಿರದಿಂದ ನೋಡಿ. ಕಾದ ತುಪ್ಪವನ್ನು ಸೌಟು ಸೌಟಾಗಿ ಹೊಯ್ದಾಗ ಹಿಟ್ಟು ನೊರೆಯೆದ್ದು ಉಬ್ಬುತ್ತದೆ, ಆರುವಾಗ ಒಳಗೆಲ್ಲ ಸಣ್ಣ ಕಣ್ಣುಗಳು ಉಳಿಯುತ್ತವೆ. ಬಿಸಿ ಹೆಚ್ಚು ಹೊತ್ತು ನಿಲ್ಲುವ ನಡುಭಾಗ ಕೆಂಪಗೆ, ಅಂಚು ಹಳದಿ. ಒಂದು ಚೂರು ಬಾಯಿಗಿಟ್ಟರೆ ಮೊದಲು ಗರಿಗರಿಯಾಗಿ ಪುಡಿಯಾಗುತ್ತದೆ, ಆಮೇಲೆ ತುಪ್ಪ ಬಿಡುತ್ತದೆ, ಹುರಿದ ಕಡಲೆಯ ಘಮ ಎಲ್ಲಕ್ಕಿಂತ ಹಿಂದೆ ಬರುತ್ತದೆ. ಆ ಘಮ ಬರುವವರೆಗೆ ಕಾಯುವವನಿಗೆ ಅರ್ಧ ತುಂಡಿನಲ್ಲೇ ಬೇಕಾದದ್ದು ಸಿಕ್ಕಿರುತ್ತದೆ. ಕಾಯದವನಿಗೆ ನಾಲ್ಕು ತುಂಡಿನಲ್ಲೂ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟಂತೆ, ತಿನ್ನುತ್ತ ತಿನ್ನುತ್ತ ಅದೇ ರುಚಿಯ ಹಿತ ಇಳಿಯುತ್ತ ಹೋಗುತ್ತದೆ, ಬೇರೆ ರುಚಿಗಳ ಹಿತ ಅಷ್ಟಾಗಿ ಇಳಿಯುವುದಿಲ್ಲ. ಸವಿಗೆ ಅದರೊಳಗೇ ಒಂದು ಕೊನೆಯಿದೆ. ಆ ಕೊನೆ ಗಮನವಿಟ್ಟವನಿಗೆ ಮಾತ್ರ ತಿಳಿಯುತ್ತದೆ.

ವ್ರತಿ: ಎಲ್ಲರಿಗೂ ತಿಳಿಯುವುದಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ. ಒಂದು ಪೇಢಾ ತಿಂದು ಡಬ್ಬಿ ಮುಚ್ಚಿಡಲಾಗದ ಜನರಿದ್ದಾರೆ. ಅವರಿಗೆ ಮಿತಿಯನ್ನು ಬೋಧಿಸುವುದು ಕ್ರೌರ್ಯ. ಅವರಿಗೆ ಪೂರ್ತಿ ಬಿಡುವುದೇ ಸುಲಭ, ಅದೇ ದಯೆ. ಅಲ್ಲದೆ ಮಿದುಳು ಸಿಹಿಯನ್ನು ಬಯಸುವ ಪರಿಯನ್ನು ನೋಡಿದರೆ ನಿಮ್ಮ ರಸಿಕತೆಯೆಲ್ಲ ಆ ಬಯಕೆಗೆ ತೊಡಿಸಿದ ಒಳ್ಳೆಯ ಬಟ್ಟೆ ಅನ್ನಿಸುತ್ತದೆ.

ರಸಿಕ: ಮೊದಲ ಮಾತನ್ನು ಪೂರ್ತಿ ಒಪ್ಪುತ್ತೇನೆ. ಡಬ್ಬಿ ಮುಚ್ಚಲಾಗದವರು ಡಬ್ಬಿಯನ್ನೇ ಮನೆಗೆ ತರಬಾರದು. ಸಕ್ಕರೆ ಕಾಯಿಲೆಯವರು ನನ್ನ ಮಾತಿಗಿಂತ ಮೊದಲು ತಮ್ಮ ವೈದ್ಯರ ಮಾತು ಕೇಳಬೇಕು. ಅದು ಚಿಕಿತ್ಸೆ, ಅದನ್ನು ಎಲ್ಲರ ನೀತಿ ಮಾಡಬಾರದು ಎಂದಷ್ಟೇ ನಾನು ಹೇಳುವುದು. ಎರಡನೆಯ ಮಾತನ್ನು ಒಪ್ಪಲಾರೆ. ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ದಶಕಗಳ ಕೆಲಸದಿಂದ ತೋರಿಸಿದ್ದು ಬಯಸುವುದು ಬೇರೆ, ಸವಿಯುವುದು ಬೇರೆ ಎಂಬುದನ್ನು. ಮಿದುಳಿನಲ್ಲಿ ಇವೆರಡರ ವ್ಯವಸ್ಥೆಗಳೇ ಬೇರೆ. ಡೋಪಮೈನ್ ಎಂಬ ರಾಸಾಯನಿಕ ಬಯಕೆಯನ್ನು ಕೆರಳಿಸುತ್ತದೆ, ಸವಿಯನ್ನು ಹೆಚ್ಚಿಸುವುದಿಲ್ಲ. ಹಾಗಾಗಿ ಬಯಕೆ ಬೆಳೆಯುತ್ತಲೇ ಹೋಗಿ ಸವಿ ಸೊರಗಿಹೋಗುವುದು ಸಾಧ್ಯ. ಚಿಪ್ಸಿನ, ಬಿಸ್ಕತ್ತಿನ ಪೊಟ್ಟಣ ಖಾಲಿಯಾಗುವುದು ಹೀಗೆಯೇ, ಕೊನೆಯ ಐದಾರು ತುಣುಕುಗಳನ್ನು ಯಾರೂ ಸವಿದಿರುವುದಿಲ್ಲ. ಬಯಕೆಗೆ ಎದುರಾಗಿ ನಿಲ್ಲಬಲ್ಲದ್ದು ವೈರಾಗ್ಯವೊಂದೇ ಎಂದು ನೀವು ತಿಳಿದಿದ್ದೀರಿ. ಸವಿಯೂ ನಿಲ್ಲಬಲ್ಲದು. ಈ ತುತ್ತು ನಿಜಕ್ಕೂ ಚೆನ್ನಾಗಿದೆಯೇ ಎಂದು ಕೇಳಿಕೊಂಡವನು ಎಷ್ಟೋ ಸಿಹಿಯನ್ನು ಅಲ್ಲೇ ಬಿಟ್ಟೇಳುತ್ತಾನೆ. ಪೇಟೆಯಲ್ಲಿ ಸಿಗುವ ಬಹುಪಾಲು ಸಿಹಿ ಆ ಪ್ರಶ್ನೆಗೆ ಉತ್ತರ ಕೊಡುವಷ್ಟು ಚೆನ್ನಾಗಿರುವುದೇ ಇಲ್ಲ.

ವ್ರತಿ: ಸಕ್ಕರೆಯ ಜಾಗದಲ್ಲಿ ಬೆಲ್ಲ ಬಳಸಿ, ಇಲ್ಲವೇ ಕ್ಯಾಲೊರಿಯಿಲ್ಲದ ಸಿಹಿಕಾರಕ ಹಾಕಿ ಎಂದು ರಾಜಿ ಮಾಡಿಸುವವರೂ ಇದ್ದಾರಲ್ಲ.

ರಸಿಕ: ಬೆಲ್ಲದಲ್ಲಿ ಕಬ್ಬಿಣದಂಥ ಖನಿಜಗಳ ಒಂದಿಷ್ಟು ಅಂಶವಿರುತ್ತದೆ, ಕ್ಯಾಲೊರಿ ಹೆಚ್ಚುಕಡಿಮೆ ಸಕ್ಕರೆಯಷ್ಟೇ. ಬೆಲ್ಲದ ಹೋಳಿಗೆ ರುಚಿಗಾಗಿ ಬೇಕು, ತೂಕಕ್ಕಾಗಿ ಅಲ್ಲ. ಸಿಹಿಕಾರಕಗಳನ್ನು ತೂಕದ ಹತೋಟಿಗೆಂದು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಮಾಡಿದೆ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ. ಎರಡರಲ್ಲೂ ಇರುವ ಆಸೆ ಒಂದೇ: ಪ್ರಮಾಣವನ್ನು ಮುಟ್ಟದೆ ಪಾರಾಗುವುದು. ನಮ್ಮ ಹಬ್ಬದೂಟದ ಕ್ರಮ ಇವಕ್ಕಿಂತ ಜಾಣತನದ್ದು. ಪಾಶ್ಚಾತ್ಯ ಊಟ ಸಿಹಿಯಲ್ಲಿ ಮುಗಿಯುತ್ತದೆ. ಉಪ್ಪು, ಖಾರದ ರುಚಿಗೆ ನಾಲಿಗೆ ದಣಿದ ಹೊತ್ತಿನಲ್ಲಿ ಸಿಹಿ ಬರುವುದರಿಂದ ತುಂಬಿದ ಹೊಟ್ಟೆಯಲ್ಲೂ ಅದಕ್ಕೆ ಜಾಗವಾಗುತ್ತದೆ. ನಮ್ಮ ಬಾಳೆಲೆಯಲ್ಲಿ ತುದಿಗೊಂದಿಷ್ಟು ಪಾಯಸ ಮೊದಲೇ ಬೀಳುತ್ತದೆ, ಹೋಳಿಗೆ ನಡುವೆ ಬರುತ್ತದೆ, ಅದರ ಆಚೆಗೆ ಇನ್ನೂ ಅನ್ನವಿದೆ, ಮಜ್ಜಿಗೆಯಿದೆ. ಊಟ ಮುಗಿಯುವುದು ಹುಳಿಯಲ್ಲಿ, ತಂಪಿನಲ್ಲಿ. ಇಲ್ಲಿ ಸಿಹಿ ಬಹುಮಾನವೂ ಅಲ್ಲ, ಪಾಪವೂ ಅಲ್ಲ, ಊಟದ ಒಂದು ರುಚಿ. ಆರು ರುಚಿಗಳಲ್ಲಿ ಒಂದನ್ನು ಬಹಿಷ್ಕರಿಸಿ, ಮತ್ತೆ ಅದನ್ನೇ ಹಗಲಿರುಳು ನೆನೆಯುವ ಅವಸ್ಥೆ ಈ ಕ್ರಮದಲ್ಲಿ ಬರುವುದಿಲ್ಲ.

ವ್ರತಿ: ಅದೇ ಪಂಕ್ತಿಯಲ್ಲಿ ಬಡಿಸುವವರನ್ನು ಮರೆತಿರಿ. ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಇನ್ನೊಂದು ಹೋಳಿಗೆ ಇಳಿಯುತ್ತದೆ, ಅದರ ಮೇಲೆ ತುಪ್ಪ. ಬೇಡ ಎಂದರೆ ಬಡಿಸಿದವರಿಗೆ ನೋವು, ಬಿಟ್ಟೆದ್ದರೆ ಅನ್ನಕ್ಕೆ ಅವಮಾನ. ನಿಮ್ಮ ಸವಿಯ ಕೊನೆಯನ್ನು ತಿನ್ನುವವನು ಗುರುತಿಸಿಕೊಂಡ, ಒಪ್ಪಿದೆ. ಬಡಿಸುವವರು ಅದನ್ನು ಗುರುತಿಸುವುದಿಲ್ಲ. ನಾನು ಸಿಹಿ ಬಿಟ್ಟಿದ್ದೇನೆ ಎಂದರೆ ಜನ ಒಪ್ಪುತ್ತಾರೆ, ವ್ರತಕ್ಕೆ ನಮ್ಮಲ್ಲಿ ಮರ್ಯಾದೆಯಿದೆ. ಅರ್ಧ ಸಾಕು ಎಂದರೆ ಯಾರೂ ಒಪ್ಪುವುದಿಲ್ಲ. ಮದುವೆಯ ತಿಂಗಳಲ್ಲಿ ವಾರಕ್ಕೆ ಮೂರು ಊಟ ಬಂದರೆ ನನ್ನ ನಿಯಮ ನನ್ನನ್ನು ಕಾಯುತ್ತದೆ, ನಿಮ್ಮ ರಸಿಕತೆ ನಿಮ್ಮನ್ನು ಕಾಯುವುದಿಲ್ಲ.

ರಸಿಕ: ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಬಲವಂತದ ಉಪಚಾರ ಹುಟ್ಟಿದ್ದು ಊಟ ಸಾಲದ ಕಾಲದಲ್ಲಿ. ಹಬ್ಬಕ್ಕೊಮ್ಮೆ ಹೋಳಿಗೆ ಕಾಣುತ್ತಿದ್ದವರಿಗೆ ಎರಡನೆಯದನ್ನು ಹಾಕುವುದು ನಿಜವಾದ ಪ್ರೀತಿಯಾಗಿತ್ತು. ಅಭಾವ ಹೋದ ಮನೆಗಳಲ್ಲೂ ಪ್ರೀತಿ ಅದೇ ರೂಪದಲ್ಲಿ ಉಳಿದಿದೆ. ಅರ್ಧ ಕೇಳಿದವರಿಗೆ ಅರ್ಧವನ್ನೇ ಮುರಿದು ಹಾಕುವುದು ಆದರ ಎಂದು ಬಡಿಸುವವರು ಕಲಿಯುವವರೆಗೆ ಪಂಕ್ತಿಯಲ್ಲಿ ನಿಮ್ಮ ವ್ರತಕ್ಕಿರುವ ಬಲ ನನ್ನ ಮಾತಿಗಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಆ ಮೂರು ಊಟ ಬಿಟ್ಟರೆ ವಾರದಲ್ಲಿ ಇನ್ನು ಹದಿನೆಂಟು ಹೊತ್ತು ಉಳಿಯುತ್ತದೆ. ಅಲ್ಲಿ ಬಲವಂತ ಮಾಡುವವರು ಯಾರೂ ಇರುವುದಿಲ್ಲ, ಚಮಚ ನಮ್ಮ ಕೈಯಲ್ಲೇ ಇರುತ್ತದೆ. ನಿಮ್ಮ ನಿಯಮ ಮೊದಲು ಅಲ್ಲಿಗೆ ಬರಲಿ ಎಂದು ಕೇಳುತ್ತೇನೆ. ಕಾಫಿಯ ಸಕ್ಕರೆ ಎರಡು ಚಮಚದಿಂದ ಅರ್ಧಕ್ಕಿಳಿದು, ಬಿಸ್ಕತ್ತಿನ ಡಬ್ಬಿ ಮನೆಯಿಂದ ಹೋದ ಮೇಲೆ, ಯುಗಾದಿಯ ಹೋಳಿಗೆಯ ಬಗ್ಗೆ ಇಬ್ಬರೂ ಮತ್ತೆ ಕೂತು ಲೆಕ್ಕ ಹಾಕೋಣ.

ವ್ರತಿ: ಆ ಲೆಕ್ಕದಲ್ಲಿ ತುಪ್ಪವನ್ನೂ ಸೇರಿಸುವುದಾದರೆ ಬರುತ್ತೇನೆ.