‘ಎಲ್ಲಿದ್ದೀಯಾ?’ ಎನ್ನುವವರ ಪಾಲು

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯ ಯಾವ ಗೂಡ್ಸ್ ಆಟೊ ಚಾಲಕನನ್ನು ಬೇಕಾದರೂ ಕೇಳಿ, ಗಾಡಿ ಓಡಿಸುತ್ತಾ ಮೆಸೇಜ್ ನೋಡುವುದು ಅಪಾಯ ಎಂದೇ ಹೇಳುತ್ತಾನೆ. ದಂಡ ಬೀಳುವುದೂ ಅವನಿಗೆ ಗೊತ್ತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನು ಫೋನ್ ಹಿಡಿದು ಓಡಿಸುವುದನ್ನು ಅಪಾಯಕಾರಿ ಚಾಲನೆ ಎಂದೇ ಎಣಿಸುತ್ತದೆ. ಆದರೂ ಫೋನ್ ‘ಟಿಣ್’ ಅಂದರೆ ಕಣ್ಣು ಕೆಳಗಿಳಿಯುತ್ತದೆ. ಜಾಗೃತಿ ಸಾಲದು ಎಂದು ರಸ್ತೆ ಬದಿ ಬೋರ್ಡು ನೆಡುವವರು ಈ ‘ಆದರೂ’ ಏಕೆ ಎಂದು ಕೇಳಿಕೊಳ್ಳುವುದಿಲ್ಲ.

ಒಂದು ಕಾರಣ ಹಳೆಯದು: ತನ್ನ ಕೈ ಮೇಲಿನ ಭರವಸೆ. 1981ರಲ್ಲಿ ಓಲಾ ಸ್ವೆನ್ಸನ್ ನಡೆಸಿದ ಅಧ್ಯಯನದಲ್ಲಿ ಅಮೆರಿಕದ ವಿದ್ಯಾರ್ಥಿಗಳ ಪೈಕಿ ಶೇ 93 ಮಂದಿ, ಚಾಲನೆಯಲ್ಲಿ ತಾವು ಉಳಿದ ಅರ್ಧ ಜನರಿಗಿಂತ ಮೇಲು ಎಂದುಕೊಂಡಿದ್ದರು. ಲೆಕ್ಕ ಮಾತ್ರ ಯಾರ ಮುಲಾಜಿಗೂ ಬೀಳುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಸ್ಕ್ರೀನ್ ನೋಡಿದರೆ ಗಾಡಿ 50 ಮೀಟರ್ ಕುರುಡಾಗಿ ಓಡಿರುತ್ತದೆ. ಹೆಲ್ಮೆಟ್ಟಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿ, ಕತ್ತು ಓರೆ ಮಾಡಿಕೊಂಡು ಮಾತಾಡುತ್ತಾ ಹೋಗುವ ಬೈಕ್ ಸವಾರನಿಗೆ ಕೈ ಖಾಲಿ ಇದೆಯಲ್ಲ ಎಂಬ ಸಮಾಧಾನ. ಮನಸ್ಸು ಖಾಲಿ ಇಲ್ಲ. ಹ್ಯಾಂಡ್ಸ್‌ಫ್ರೀ ಮಾತೂ ಗಮನವನ್ನು ಕದಿಯುತ್ತದೆ ಎಂದು ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ತಮ್ಮ ಪ್ರಯೋಗಗಳಲ್ಲಿ ತೋರಿಸಿಕೊಟ್ಟಿದ್ದಾರೆ.

ಇದಕ್ಕಿಂತ ಕುತೂಹಲದ್ದು ಕ್ಯಾನ್ಸಸ್ ವಿಶ್ವವಿದ್ಯಾಲಯದ ಪಾಲ್ ಆಚ್ಲಿ ಮತ್ತು ಸಂಗಡಿಗರು 2011ರಲ್ಲಿ ಕಂಡದ್ದು. ಚಾಲನೆಯ ನಡುವೆ ತಾವಾಗಿಯೇ ಮೆಸೇಜ್ ಕಳಿಸಲು ಮುಂದಾದ ಯುವಕರು, ಆ ಹೊತ್ತಿನ ರಸ್ತೆಯನ್ನು ಅಷ್ಟೇನೂ ಅಪಾಯದ್ದಲ್ಲ ಎಂದು ಅಳೆದರು. ರಸ್ತೆ ಖಾಲಿ ಇದೆ ಎಂದು ಕೈ ಫೋನಿಗೆ ಹೋಗುವುದಲ್ಲ. ಕೈ ಹೋದ ಮೇಲೆ ರಸ್ತೆ ಖಾಲಿ ಕಾಣತೊಡಗುತ್ತದೆ. ಇಂಥ ಮನಸ್ಸಿಗೆ ಬುದ್ಧಿವಾದ ಹೇಳಿ ಪ್ರಯೋಜನವೇನು?

ಹಾಗಾದರೆ ತಪ್ಪೆಲ್ಲ ಚಾಲಕನದೇ? ಮೆಸೇಜಿಗೆ ಎರಡು ತುದಿ. 2009ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ, ಮೆಸೇಜ್ ಮಾಡುತ್ತಿದ್ದ ಹದಿನೆಂಟರ ಹುಡುಗನ ಗಾಡಿ ಡಿಕ್ಕಿ ಹೊಡೆದು ಬೈಕಿನಲ್ಲಿದ್ದ ದಂಪತಿ ಒಂದೊಂದು ಕಾಲು ಕಳೆದುಕೊಂಡರು. ಅವನು ಓಡಿಸುತ್ತಿದ್ದಾನೆ, ಆಗಲೇ ಓದುತ್ತಾನೆ ಎಂದು ತಿಳಿದೂ ಕಳಿಸಿದವರು ಹೊಣೆಗಾರರಾಗಬಹುದು ಎಂದು 2013ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಹಾಗೆ ತಿಳಿದಿದ್ದಳೆಂಬುದಕ್ಕೆ ಪುರಾವೆ ಇಲ್ಲದ್ದರಿಂದ, ಆ ಪ್ರಕರಣದಲ್ಲಿ ಅವನಿಗೆ ಮೆಸೇಜ್ ಕಳಿಸಿದ್ದ ಹುಡುಗಿಯನ್ನು ಬಿಟ್ಟಿತು.

ಕಳಿಸಿದ್ದನ್ನು ಆಮೇಲೆ ಓದಬಹುದಲ್ಲ ಎಂದು ಯಾರಾದರೂ ಕೇಳಬಹುದು. ಓದಬಹುದು, ತಡವಾದ ಉತ್ತರಕ್ಕೆ ಬೆಲೆ ತೆರಬೇಕಿಲ್ಲದಿದ್ದರೆ. ರಾತ್ರಿ ‘ಎಲ್ಲಿದ್ದೀಯಾ?’ ಎಂದು ಕೇಳುವ ತಾಯಿಗಿರುವುದೇ ಅಪಘಾತದ ಭಯ. ‘ಊರು ಮುಟ್ಟಿ ಮಾಡ್ತೀನಮ್ಮ’ ಎಂದು ಹೊರಡುವಾಗಲೇ ಹೇಳಿದರೆ ಅವಳು ಕಾಯುತ್ತಾಳೆ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತ ಗಾಡಿಯವನನ್ನು ಹತ್ತು ನಿಮಿಷಕ್ಕೊಮ್ಮೆ ವಿಚಾರಿಸುವ ಬಾಡಿಗೆಯವರಿಗೆ ಆ ಮಾತು ಹೇಳುವ ಧೈರ್ಯ ಅವನಿಗಿಲ್ಲ. ಮುಂದಿನ ಬಾಡಿಗೆ ಅವರ ಕೈಲಿದೆ. ಹೊಣೆ ಹಂಚುವಾಗ ಈ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಕಾದು ಕೂರಲಾರದೆ ಕೇಳಿದವಳಿಗಿಂತ, ಉತ್ತರ ತಡವಾದರೆ ಕೂಲಿ ಕತ್ತರಿಸಬಲ್ಲವನ ಪಾಲು ದೊಡ್ಡದು. ದಂಡದ ರಸೀದಿಯಲ್ಲಿ ಮಾತ್ರ ಚಾಲಕನೊಬ್ಬನದೇ ಹೆಸರು.